ರೆಕಾರ್ಡು, ರೀಲು, ನೆಗೆಟಿವ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಬದಲಾಯಿಸುವಾಗ ಅಥವಾ ಅಟ್ಟ ಕ್ಲೀನ್ ಮಾಡುವಾಗ ಎಷ್ಟೋ ಮನೆಗಳಲ್ಲಿ ಎರಡು ವಸ್ತು ಸಿಗುತ್ತವೆ: ಒಂದು ಕಟ್ಟು ಗ್ರಾಮಫೋನ್ ರೆಕಾರ್ಡು, ಒಂದು ರೀಲು ಕ್ಯಾಮೆರಾ. ಆಮೇಲೆ ಫೋನು ಬರುತ್ತದೆ, ‘ಇದನ್ನೇನು ಮಾಡೋದು?’ ಅಂತ. ನೆಂಟರು, ಗೆಳೆಯರು, ಅವರ ಮಕ್ಕಳು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಶೋಕೇಸಿನಲ್ಲಿ ಇಡೋಕೆ ಪಾಲಿಷ್ ಮಾಡುವುದು ಹೇಗೆ ಅನ್ನುವುದು ಇಲ್ಲಿ ಇಲ್ಲ. ರೆಕಾರ್ಡನ್ನು ಕೇಳಬೇಕು, ಕ್ಯಾಮೆರಾದಲ್ಲಿ ಫೋಟೋ ತೆಗೆಯಬೇಕು, ಹಳೇ ನೆಗೆಟಿವನ್ನು ಉಳಿಸಬೇಕು. ಉತ್ತರಗಳೆಲ್ಲ ಆ ಆಸೆಯಿಂದಲೇ ಬರೆದವು.

ಅಟ್ಟದಲ್ಲಿ ಒಂದು ಪೆಟ್ಟಿಗೆ ರೆಕಾರ್ಡು ಸಿಕ್ಕಿದೆ. ಮೊದಲು ಏನು ಮಾಡಲಿ?

ಹಾಡಿಸೋಕೆ ಅವಸರ ಮಾಡಬೇಡಿ. ಮೊದಲು ಯಾವ ಜಾತಿಯ ರೆಕಾರ್ಡು ಅಂತ ನೋಡಿ.

ಒಂದನ್ನು ಕೈಗೆ ತೆಗೆದುಕೊಳ್ಳಿ. ಭಾರವಾಗಿದೆ, ಗಟ್ಟಿಯಾಗಿದೆ, ಸ್ವಲ್ಪವೂ ಬಾಗುವುದಿಲ್ಲ, ಗೆರೆಗಳು ಕಣ್ಣಿಗೆ ಕಾಣುವಷ್ಟು ದಪ್ಪ ಇವೆ ಅಂದರೆ ಅದು 78 ಆರ್‌ಪಿಎಂ ರೆಕಾರ್ಡು. ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಇದರಲ್ಲಿ ಪ್ಲಾಸ್ಟಿಕ್ ಇಲ್ಲ, ಅರಗು ಇದೆ. ಅರಗಿನ ಹುಳು ಬಿಡುವ ಅಂಟಿನಿಂದ ಮಾಡಿದ ಶೆಲಾಕ್‌ಗೆ ಕಲ್ಲಿನ ಪುಡಿ ಬೆರೆಸಿ ಅಚ್ಚು ಒತ್ತಿದ್ದು. ಕೈತಪ್ಪಿ ಬಿದ್ದರೆ ಚೂರು ಚೂರು. 10 ಇಂಚಿನದಾದರೆ ಒಂದು ಕಡೆಗೆ ಹೆಚ್ಚುಕಮ್ಮಿ ಮೂರು ನಿಮಿಷ.

ಹಗುರವಾಗಿದೆ, ಬಾಗುತ್ತದೆ ಅಂದರೆ ವಿನೈಲ್ ಅನ್ನುವ ಪ್ಲಾಸ್ಟಿಕ್ಕಿನದು. 12 ಇಂಚಿನ ದೊಡ್ಡದು ಎಲ್.ಪಿ., 33⅓ ವೇಗ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಇದನ್ನು ತಂದಿತು. 7 ಇಂಚಿನ ಚಿಕ್ಕದು 45 ವೇಗದ್ದು. ನಮ್ಮ ಸಿನಿಮಾ ಹಾಡುಗಳು ಜಾಸ್ತಿ ಬಂದದ್ದು ಈ ಚಿಕ್ಕ ಇ.ಪಿ.ಗಳಲ್ಲೇ, ಸಾಮಾನ್ಯವಾಗಿ ಒಂದರಲ್ಲಿ ನಾಲ್ಕು ಹಾಡು.

ಬೇರೆ ದೇಶಗಳು ಶೆಲಾಕ್ ಬಿಟ್ಟ ಮೇಲೂ ನಮ್ಮಲ್ಲಿ 1960ರ ದಶಕದಲ್ಲಿ 78ರ ರೆಕಾರ್ಡು ಬರುತ್ತಲೇ ಇದ್ದವು. ಹಳ್ಳಿಗಳಲ್ಲಿ ಕರೆಂಟು ಇರಲಿಲ್ಲ, ಕೀ ಕೊಡುವ ಗ್ರಾಮಫೋನು ಇತ್ತು. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಮೂರೂ ಬಗೆ ಸಿಕ್ಕರೆ ಆಶ್ಚರ್ಯ ಇಲ್ಲ.

ಬಗೆ ಗೊತ್ತಾದ ಮೇಲೆ ಬೇರೆ ಬೇರೆ ಮಾಡಿ, ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ 78 ಬಿರುಕು ಬಿಡುತ್ತದೆ, ವಿನೈಲ್ ಸೊಟ್ಟಗಾಗುತ್ತದೆ.

ತಾತನ ಕೀ ಕೊಡುವ ಗ್ರಾಮಫೋನಿನಲ್ಲಿ ಎಲ್.ಪಿ. ಹಾಕಬಹುದಾ?

ಬೇಡ. ಖಂಡಿತ ಬೇಡ. ಆ ಯಂತ್ರದ ತಲೆ 100 ಗ್ರಾಮ್‌ಗೂ ಜಾಸ್ತಿ ಭಾರ ಹಾಕುತ್ತದೆ. ಎಲ್.ಪಿ.ಗೆ ಬೇಕಾದದ್ದು ಎರಡು ಗ್ರಾಮ್ ಆಸುಪಾಸು. ಒಂದೇ ಸಲ ಹಾಕಿದರೂ ಉಕ್ಕಿನ ಮುಳ್ಳು ಗೆರೆಗಳನ್ನು ಉತ್ತುಬಿಡುತ್ತದೆ.

78ರ ರೆಕಾರ್ಡು ಹಾಕುವುದಾದರೆ ಪ್ರತಿ ಸಲ ಹೊಸ ಮುಳ್ಳು ಹಾಕಿ. ಉಕ್ಕಿನ ಮುಳ್ಳು ಸವೆಯಲಿ, ರೆಕಾರ್ಡು ಉಳಿಯಲಿ ಅಂತಲೇ ಆ ಕಾಲದಲ್ಲಿ ಅದನ್ನು ಡಬ್ಬಿಗಟ್ಟಲೆ ಮಾರುತ್ತಿದ್ದರು. ಒಂದೇ ಮುಳ್ಳಿನಲ್ಲಿ ಹತ್ತು ಹಾಡು ಕೇಳಿದರೆ ಸವೆದ ಮುಳ್ಳಿನ ಅಂಚು ಹಾಡನ್ನೇ ಕೆರೆಯುತ್ತದೆ.

ವಿದ್ಯುತ್ ಪ್ಲೇಯರಿನಲ್ಲಿ 78 ಕೇಳುವುದಾದರೂ ಮುಳ್ಳು ಬೇರೆಯೇ ಬೇಕು. ಅದರ ಗೆರೆ ಎಲ್.ಪಿ.ಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್.ಪಿ. ಮುಳ್ಳು ಹಾಕಿದರೆ ಅದು ತಳದಲ್ಲಿ ಧೂಳಿನ ಜೊತೆ ಓಡಾಡುತ್ತದೆ, ಹಾಡಿಗಿಂತ ಗರಗರವೇ ಜಾಸ್ತಿ ಕೇಳುತ್ತದೆ.

ಧೂಳು, ಬೂಷ್ಟು ಹಿಡಿದಿದೆ. ತೊಳೆಯುವುದು ಹೇಗೆ?

ಇಲ್ಲಿ ಒಂದು ವಿಷಯ ಮರೆಯಲೇಬಾರದು: 78ರ ರೆಕಾರ್ಡಿಗೆ ಸ್ಪಿರಿಟ್ ಅಥವಾ ಆಲ್ಕೋಹಾಲ್ ಇರುವ ಯಾವುದನ್ನೂ ತಾಗಿಸಬೇಡಿ. ಶೆಲಾಕ್ ಅದರಲ್ಲಿ ಕರಗುತ್ತದೆ. ಮರಗೆಲಸದವರು ಪಾಲಿಷ್ ಮಾಡೋಕೆ ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸುವುದು.

ಇನ್‌ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಮೆತ್ತನೆ ಬ್ರಷ್‌ನಲ್ಲಿ ಗೆರೆ ಹೋಗುವ ದಿಕ್ಕಿನಲ್ಲೇ, ಅಂದರೆ ಸುತ್ತಲೂ, ಉಜ್ಜಿ. ಅಡ್ಡಕ್ಕೆ ಉಜ್ಜಬೇಡಿ. ಲೇಬಲ್ ಒದ್ದೆಯಾಗದಂತೆ ನೋಡಿಕೊಳ್ಳಿ. ಮತ್ತೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಬೋರ್‌ವೆಲ್ ನೀರು ಬಳಸಿದರೆ ಒಣಗಿದ ಮೇಲೆ ಗೆರೆಯೊಳಗೆ ಬಿಳಿ ಉಪ್ಪು ಕೂರುತ್ತದೆ, ಅದೇ ಹೊಸ ಗಲಾಟೆ ಆಗುತ್ತದೆ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಬೂಷ್ಟು ಮೊದಲು ಹಿಡಿಯುವುದು ಕಾಗದದ ಕವರನ್ನು. ರೆಕಾರ್ಡು ತೊಳೆದು ಮತ್ತೆ ಅದೇ ಕವರಿಗೆ ಹಾಕಿದರೆ ಕೆಲಸವೆಲ್ಲ ದಂಡ. ಒಳಗೆ ಹೊಸ ಕವರು ಹಾಕಿ, ಹಳೇ ಮುದ್ರಿತ ಕವರನ್ನು ಒಣಗಿಸಿ ಬೇರೆ ಇಡಿ.

ಈ ಹಾಡೆಲ್ಲ ಈಗ ಫೋನಿನಲ್ಲೇ ಇದೆಯಲ್ಲ. ರೆಕಾರ್ಡು ಯಾಕೆ ಬೇಕು?

ನನಗೆ ತುಂಬ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಉತ್ತರ: ಎಲ್ಲವೂ ಇಲ್ಲ.

ಸಿನಿಮಾದ ಹೆಸರಾಂತ ಹಾಡುಗಳೇನೋ ಇವೆ. ಆದರೆ ನಾಟಕ ಕಂಪನಿಯ ರಂಗಗೀತೆಗಳು, ಹರಿಕಥೆ, ಊರಿನ ಗಾಯಕರೊಬ್ಬರು ಒಂದೇ ಒಂದು ಸಲ ಹಾಡಿ ಬಂದ ಎರಡು ಬದಿಯ ದೇವರನಾಮ, ಇಂಥವು ಎಷ್ಟೋ ಇನ್ನೂ ಯಾರದೋ ಅಟ್ಟದಲ್ಲೇ ಇವೆ. ಲೇಬಲ್ಲಿನಲ್ಲಿ ಹೆಸರು ಗೊತ್ತಿಲ್ಲದ ಕಲಾವಿದರದ್ದಾದರೆ ಅದನ್ನೇ ಮೊದಲು ಕಾಪಾಡಿ.

ಇನ್ನೊಂದು, ರೆಕಾರ್ಡು ಒಂದು ವಯಸ್ಸಿನ ದನಿಯನ್ನು ಹಿಡಿದಿಟ್ಟಿರುತ್ತದೆ. ಗಂಗೂಬಾಯಿ ಹಾನಗಲ್ ಅಂದರೆ ನಮಗೆ ನೆನಪಾಗುವುದು ಆ ಗಂಭೀರ, ದಪ್ಪ ಕಂಠ. ಆದರೆ 1930ರ ದಶಕದಲ್ಲಿ ಎಚ್.ಎಂ.ವಿ. ರೆಕಾರ್ಡು ಕಂಪನಿಗೆ ಹಾಡಿದ 78ರ ರೆಕಾರ್ಡುಗಳಲ್ಲಿ ಇರುವುದು ತೆಳುವಾದ, ಮೇಲಿನ ಸ್ಥಾಯಿಯ ಹುಡುಗಿಯ ದನಿ. ಗಂಟಲಿನ ತೊಂದರೆ ಆದ ಮೇಲೆ ಆ ದನಿ ಹೋಯಿತು, ಮತ್ತೆ ಬರಲಿಲ್ಲ. ಆಗಿನ ಮುದ್ರಣ ಇಲ್ಲದಿದ್ದರೆ ಅಂಥದ್ದೊಂದು ದನಿ ಇತ್ತು ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ತರುಣ ವಯಸ್ಸಿನ ಹಾಡುಗಾರಿಕೆ ಸಿಗುವುದೂ ಅದೇ ಕಾಲದ 78ಗಳಲ್ಲಿ. ಮೂರು ನಿಮಿಷದಲ್ಲಿ ಒಂದು ರಾಗ ಮುಗಿಸಬೇಕಿತ್ತು. ಗಂಟೆಗಟ್ಟಲೆ ಹಾಡುವವರು ಮೂರು ನಿಮಿಷಕ್ಕೆ ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಅಂತ ಕಿವಿಗೊಟ್ಟು ಕೇಳಿ. ಅದೊಂದು ಪಾಠವೇ.

ನಮ್ಮ ದೇಶದ ಮೊದಮೊದಲ ರೆಕಾರ್ಡುಗಳ ಕತೆಯೂ ಮೈಸೂರಿಗೆ ಬಂದು ಮುಟ್ಟುತ್ತದೆ. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದರು. ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವುದು ಆ ರೆಕಾರ್ಡುಗಳಲ್ಲಿ ಕೇಳುತ್ತದೆ. ಅಚ್ಚು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಿತ್ತು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಕಲಾವಿದೆಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ರೆಕಾರ್ಡಿನ ಸೌಂಡು ಸಿ.ಡಿ.ಗಿಂತ ಚೆನ್ನಾಗಿರುತ್ತಾ?

ಅಳತೆ ಹಿಡಿದು ನೋಡಿದರೆ ಸಿ.ಡಿ.ಯೇ ಮುಂದೆ. ಗಲಾಟೆ ಕಮ್ಮಿ, ಸಣ್ಣ ದನಿ ಮತ್ತು ದೊಡ್ಡ ದನಿಯ ನಡುವಿನ ಅಂತರ ಜಾಸ್ತಿ. ಎಲ್.ಪಿ.ಯಲ್ಲಿ ಒಳಸುತ್ತಿಗೆ ಬಂದಷ್ಟೂ ದನಿ ಸ್ವಲ್ಪ ಕೆಡುತ್ತದೆ. ಬದಿಯ ಕೊನೆ ಹಾಡಿನ ‘ಸ’ಕಾರ ಗಮನಿಸಿದರೆ ಗೊತ್ತಾಗುತ್ತದೆ.

ಆದರೂ ಎಷ್ಟೋ ಹಳೇ ಹಾಡು ರೆಕಾರ್ಡಿನಲ್ಲೇ ಚೆನ್ನಾಗಿ ಕೇಳುತ್ತದೆ ಅನ್ನುವುದೂ ನಿಜ. ಅದಕ್ಕೆ ಕಾರಣ ಬೇರೆ. ಆಮೇಲೆ ಬಂದ ಸಿ.ಡಿ. ಮತ್ತು ಆನ್‌ಲೈನ್ ಪ್ರತಿಗಳಲ್ಲಿ ಕೆಲವನ್ನು ಸವೆದ ಟೇಪಿನಿಂದ ಮಾಡಿದ್ದಾರೆ. ಕೆಲವಕ್ಕೆ ಗರಗರ ತೆಗೆಯುವ ಭರದಲ್ಲಿ ತಂಬೂರಿ, ತಾಳದ ಮೇಲ್ದನಿಯನ್ನೂ ಸೇರಿಸಿ ಒರೆಸಿಬಿಟ್ಟಿದ್ದಾರೆ. ಇನ್ನು ಕೆಲವಕ್ಕೆ ಸುಮ್ನೆ ಹೊಸ ಡ್ರಮ್ಮು ಸೇರಿಸಿದ್ದಾರೆ. ಅಂಥ ಕಡೆ ಹಳೇ ಎಲ್.ಪಿ. ಗೆಲ್ಲುತ್ತದೆ.

ಮತ್ತೆ ಈಗ ಯಾಕೆ ಎಲ್ಲರೂ ರೆಕಾರ್ಡು ಕೊಳ್ಳುತ್ತಿದ್ದಾರೆ?

ಅಮೆರಿಕದಲ್ಲಂತೂ 2022ರಲ್ಲಿ ಸಿ.ಡಿ.ಗಿಂತ ರೆಕಾರ್ಡುಗಳೇ ಜಾಸ್ತಿ ಮಾರಾಟವಾದವು. 1987ರ ನಂತರ ಇದೇ ಮೊದಲು. ಕೊಳ್ಳುವವರಲ್ಲಿ ರೆಕಾರ್ಡಿನ ಕಾಲದಲ್ಲಿ ಹುಟ್ಟೇ ಇರದವರು ಬೇಕಾದಷ್ಟು ಜನ. ಅವರದ್ದು ನೆನಪಿನ ಮಾತಲ್ಲ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಒಂದು ಬದಿ ಪೂರ್ತಿ ಕೇಳುವ ಆಸೆ.

ನಮ್ಮ ಕಡೆ ಇದು ಬೇರೆ ತರಹ. ಹಿಂದಿನ ಕಾಲದಲ್ಲಿ ರೆಕಾರ್ಡು ಪ್ಲೇಯರ್ ಇದ್ದ ಮನೆಗಳೇ ಕಮ್ಮಿ. ಬಹಳ ಜನ ರೆಕಾರ್ಡು ಕೇಳಿದ್ದು ಮದುವೆ, ಜಾತ್ರೆ, ಗಣೇಶನ ಪೆಂಡಾಲಿನ ಮೈಕ್‌ಸೆಟ್ಟಿನಲ್ಲಿ. ಇಲ್ಲವೇ ಟೂರಿಂಗ್ ಟಾಕೀಸಿನಲ್ಲಿ. ಟೆಂಟಿನ ಮೇಲಿನ ಸ್ಪೀಕರಿನಲ್ಲಿ ಘಂಟಸಾಲ ಅವರ ವೆಂಕಟೇಶನ ಭಕ್ತಿಗೀತೆ ಶುರುವಾದರೆ ಟಿಕೆಟ್ ಕೊಡುವ ಹೊತ್ತಾಯಿತು ಅಂತ ಸುತ್ತಲ ಹಳ್ಳಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮಲ್ಲಿ ರೆಕಾರ್ಡು ಅಂದರೆ ಊರಿನ ನೆನಪು. ಇದನ್ನು ಬರೆದಿಡುವವರು ಕಮ್ಮಿ ಅನ್ನುವುದು ನನ್ನ ಕೊರಗು. ಮೈಕ್‌ಸೆಟ್ಟಿನವರ ಪೆಟ್ಟಿಗೆಗಳಲ್ಲಿ ಏನೇನಿತ್ತು ಅಂತ ಕೇಳಿ ತಿಳಿಯಲು ಇನ್ನೂ ಸಮಯ ಇದೆ, ಆದರೆ ಜಾಸ್ತಿ ಇಲ್ಲ.

ಹೊಸ ಪ್ಲೇಯರ್ ತೆಗೆದುಕೊಳ್ಳಬೇಕು. ಸೂಟ್‌ಕೇಸ್ ತರಹದ್ದು ಸಾಕಾ?

ನೋಡೋಕೆ ಚೆಂದ, ರೆಕಾರ್ಡಿಗೆ ಒಳ್ಳೆಯದಲ್ಲ. ಅಗ್ಗದ ಸೂಟ್‌ಕೇಸ್ ಪ್ಲೇಯರುಗಳಲ್ಲಿ ಮುಳ್ಳಿನ ಭಾರ ಐದಾರು ಗ್ರಾಮ್ ಇರುತ್ತದೆ, ಕಮ್ಮಿ ಮಾಡೋಕೂ ಆಗುವುದಿಲ್ಲ. ಭಾರ ಹೊಂದಿಸಬಹುದಾದ ತೋಳು, ಬದಲಾಯಿಸಬಹುದಾದ ಮುಳ್ಳು ಇರುವುದನ್ನೇ ತೆಗೆದುಕೊಳ್ಳಿ. ಆಂಪ್ಲಿಫೈಯರಿನಲ್ಲಿ ‘ಫೋನೋ’ ಎನ್ನುವ ಜಾಗ ಇಲ್ಲದಿದ್ದರೆ ಫೋನೋ ಪ್ರಿ-ಆಂಪ್ ಬೇಕು. ಎಲ್.ಪಿ. ಅಚ್ಚು ಒತ್ತುವಾಗ ಕೆಳದನಿಯನ್ನು ತಗ್ಗಿಸಿ, ಮೇಲ್ದನಿಯನ್ನು ಹೆಚ್ಚಿಸಿರುತ್ತಾರೆ. ಅದನ್ನು ಮತ್ತೆ ಸರಿಮಾಡುವ ಕೆಲಸ ಪ್ರಿ-ಆಂಪಿನದು. ಅದಿಲ್ಲದೆ ನೇರ ಜೋಡಿಸಿದರೆ ಹಾಡು ತೆಳ್ಳಗೆ, ದೂರದಲ್ಲೆಲ್ಲೋ ಕೇಳಿದಂತೆ ಇರುತ್ತದೆ.

ಅಮೆರಿಕದಲ್ಲಿರುವ ಅಣ್ಣ ಅಲ್ಲಿಂದ ಟರ್ನ್‌ಟೇಬಲ್ ತರ್ತಾನಂತೆ. ಪರವಾಗಿಲ್ವಾ?

ಮೊದಲು ಮೋಟಾರು ಯಾವುದು ಅಂತ ಕೇಳಿ. ಅಡಾಪ್ಟರಿನಲ್ಲಿ ನಡೆಯುವ ಡಿ.ಸಿ. ಮೋಟಾರಾದರೆ ಚಿಂತೆ ಇಲ್ಲ. ಗೋಡೆಯ ಕರೆಂಟಿಗೇ ನೇರ ಓಡುವ ಹಳೇ ಸಿಂಕ್ರೋನಸ್ ಮೋಟಾರಾದರೆ ಕಷ್ಟ, ಅದರ ವೇಗ ಕರೆಂಟಿನ ಹರ್ಟ್ಸ್ ಮೇಲೆಯೇ ನಿಂತಿದೆ. 120 ವೋಲ್ಟಿನ ಸಮಸ್ಯೆಯನ್ನು ಟ್ರಾನ್ಸ್‌ಫಾರ್ಮರ್ ಬಗೆಹರಿಸುತ್ತದೆ, ಆದರೆ ಅಲ್ಲಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಮೋಟಾರು ಆರರಲ್ಲಿ ಐದು ಭಾಗ ವೇಗದಲ್ಲೇ ತಿರುಗುತ್ತದೆ. ಹಾಡು ನಿಧಾನವಾಗುವುದಷ್ಟೇ ಅಲ್ಲ, ಶ್ರುತಿಯೂ ಸುಮಾರು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಕೆಲವು ಮಾಡೆಲ್‌ಗಳಿಗೆ 50 ಹರ್ಟ್ಸ್‌ನ ರಾಟೆ ಬೇರೆ ಸಿಗುತ್ತದೆ. ವಿಚಾರಿಸಿಯೇ ತರಿಸಿ.

ಹಳೇ ರೆಕಾರ್ಡಿಗೆ ಒಳ್ಳೇ ಬೆಲೆ ಬರುತ್ತಾ?

ಬಹುಪಾಲು ಇಲ್ಲ. ಅಪರೂಪಕ್ಕೆ ಹೌದು. ಕಲ್ಕತ್ತಾ ಹತ್ತಿರದ ದಮ್‌ದಮ್ ರೆಕಾರ್ಡು ಕಾರ್ಖಾನೆಯಲ್ಲಿ ಒತ್ತಿದ ಬೀಟಲ್ಸ್‌ನ 78ರ ರೆಕಾರ್ಡಿಗೆ ಹೊರದೇಶದ ಸಂಗ್ರಾಹಕರು ದೊಡ್ಡ ದುಡ್ಡು ಕೊಡುತ್ತಾರೆ.

ಅಪ್ಪನ ಕ್ಯಾಮೆರಾ ಇದೆ. ಇನ್ನೂ ಕೆಲಸ ಮಾಡುತ್ತಾ?

ಆಗ್ಫಾ ಕ್ಲಿಕ್ 3 ಇದ್ದರೆ ಹೆಚ್ಚಾಗಿ ಮಾಡುತ್ತದೆ. ಅದರಲ್ಲಿ ಕೆಡುವಂಥದ್ದು ಕಮ್ಮಿ. 120 ರೀಲು ಹಾಕಿದರೆ 12 ಚೌಕದ ಫೋಟೋ. ಎಷ್ಟೋ ಮನೆಗಳ ಗೃಹಪ್ರವೇಶ, ನಾಮಕರಣ, ಬೃಂದಾವನದ ಮುಂದೆ ನಿಂತ ಫೋಟೋಗಳೆಲ್ಲ ಇದರವೇ.

ಯಾಶಿಕಾ, ಪೆಂಟ್ಯಾಕ್ಸ್, ನಿಕಾನ್‌ಗಳಾದರೆ ಮೂರು ಕಡೆ ನೋಡಿ. ಹಿಂಬಾಗಿಲು ತೆಗೆದು ಅಂಚಿನ ಕಪ್ಪು ಸ್ಪಂಜು ಮುಟ್ಟಿ. ಅಂಟು ಅಂಟಾಗಿದ್ದರೆ ಬೆಳಕು ಒಳಗೆ ಸೋರುತ್ತದೆ, ಬದಲಾಯಿಸಿ. ಲೆನ್ಸಿನೊಳಗೆ ಟಾರ್ಚು ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಮಂಗಳೂರು, ಶಿವಮೊಗ್ಗ ಕಡೆಯ ಕ್ಯಾಮೆರಾಗಳಲ್ಲಿ ಇದು ತುಂಬ. ಬೇಗ ರಿಪೇರಿಗೆ ಕೊಟ್ಟರೆ ಉಳಿಯುತ್ತದೆ, ಬಿಟ್ಟರೆ ಗಾಜನ್ನೇ ತಿನ್ನುತ್ತದೆ. ಕೊನೆಗೆ ಬ್ಯಾಟರಿ. ಬೆಳಕು ಅಳೆಯುವ ಹಳೇ ಮೀಟರುಗಳು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿದವು, ಅದು ಈಗ ತಯಾರಾಗುವುದಿಲ್ಲ. 1.5 ವೋಲ್ಟಿನದು ಹಾಕಿದರೆ ಎಷ್ಟೋ ಕ್ಯಾಮೆರಾಗಳ ಮೀಟರು ಬೆಳಕನ್ನು ತಪ್ಪಾಗಿ ಹೇಳುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ ಜಿಂಕ್-ಏರ್ ಸೆಲ್ಲು ಹತ್ತಿರದ ಬದಲಿ.

ರೀಲು ಈಗಲೂ ಸಿಗುತ್ತಾ? ಯಾವುದು ಹಾಕಲಿ?

ಸಿಗುತ್ತದೆ. ನಮ್ಮ ದೇಶದ್ದೇ ರೀಲು ಮಾತ್ರ ಇಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಶುರುವಾಗಿ ‘ಇಂದು’ ಹೆಸರಿನ ಕಪ್ಪು ಬಿಳುಪು ರೀಲು ಮಾಡುತ್ತಿತ್ತು. ಮುಚ್ಚಿಹೋಯಿತು. ಮೈಸೂರಿನಿಂದ ಕೂಗಳತೆ ದೂರದಲ್ಲಿ ಅಂಥದ್ದೊಂದು ಕಾರ್ಖಾನೆ ಇತ್ತು ಅಂತ ಹೊಸಬರಿಗೆ ಗೊತ್ತೇ ಇಲ್ಲ, ಅದು ಬೇಸರ.

ಈಗ ಬಣ್ಣಕ್ಕೆ ಕೊಡ್ಯಾಕ್ ಗೋಲ್ಡ್ 200, ಕಪ್ಪು ಬಿಳುಪಿಗೆ ಇಲ್ಫರ್ಡ್ ಎಚ್‌ಪಿ5. ಕಲಿಯುವವರಿಗೆ ಎರಡನೆಯದನ್ನೇ ಹೇಳುತ್ತೇನೆ. ಬೆಳಕು ಅಳೆಯುವುದು ಹೆಚ್ಚುಕಮ್ಮಿ ಆದರೂ ಅದು ಸಹಿಸಿಕೊಳ್ಳುತ್ತದೆ. ರೀಲು, ತೊಳೆಸುವುದು, ಸ್ಕ್ಯಾನು ಎಲ್ಲ ಸೇರಿದರೆ 36 ಫೋಟೋಗೆ ಸಾವಿರ ರೂಪಾಯಿ ದಾಟುತ್ತದೆ.

ಮನೆಯಲ್ಲೇ ರೀಲು ತೊಳೆಯಬಹುದಾ?

ಕಪ್ಪು ಬಿಳುಪಾದರೆ ಧಾರಾಳವಾಗಿ. ಕತ್ತಲೆ ಕೋಣೆ ಕೂಡ ಬೇಕಿಲ್ಲ. ಕೈ ತೂರಿಸುವ ಕಪ್ಪು ಚೀಲ ಸಿಗುತ್ತದೆ, ಅದರೊಳಗೆ ರೀಲನ್ನು ಸುರುಳಿಗೆ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಿದರೆ ಉಳಿದದ್ದು ಬೆಳಕಿನಲ್ಲೇ. ಚಿತ್ರ ಮೂಡಿಸುವ ಡೆವಲಪರ್, ಆಮೇಲೆ ಅದನ್ನು ನಿಲ್ಲಿಸುವ ಸ್ಟಾಪ್, ಆಮೇಲೆ ಚಿತ್ರ ಉಳಿಯುವಂತೆ ಮಾಡುವ ಹೈಪೋ, ಆಮೇಲೆ ನೀರು.

ನಮ್ಮಲ್ಲಿ ಗಮನಿಸಬೇಕಾದದ್ದು ನೀರಿನ ಬಿಸಿ. ಕಂಪನಿಗಳು ಕೊಡುವ ಲೆಕ್ಕ 20 ಡಿಗ್ರಿಗೆ. ಎಚ್‌ಪಿ5 ರೀಲು ಡಿ-76 ಅನ್ನುವ ಡೆವಲಪರಿನಲ್ಲಿ ಏಳೂವರೆ ನಿಮಿಷ ಅನ್ನುತ್ತಾರೆ. 24 ಡಿಗ್ರಿ ಇದ್ದರೆ ಐದೂವರೆ ನಿಮಿಷದ ಆಸುಪಾಸು ಸಾಕು. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ನಲ್ಲಿ ನೀರು ಇನ್ನೂ ಬಿಸಿ, ಐಸು ಹಾಕಿದ ಬಕೆಟ್ಟಿನಲ್ಲಿ ಬಾಟಲಿ ನಿಲ್ಲಿಸಿ ತಣಿಸಬೇಕು. ಎಲ್ಲ ಮುಗಿದು ಸುರುಳಿ ಬಿಚ್ಚಿ ಒದ್ದೆ ರೀಲನ್ನು ಬೆಳಕಿಗೆ ಹಿಡಿದಾಗ, ಕಪ್ಪು ಮುಖ, ಬಿಳಿ ಕೂದಲು, ಬೆಳ್ಳಗಿನ ಮರದ ಎಲೆಗಳು ಸಾಲಾಗಿ ಕಾಣುತ್ತವೆ. ಆ ಖುಷಿಗೋಸ್ಕರವಾದರೂ ಒಂದು ಸಲ ಮಾಡಿ.

ಬಣ್ಣದ ರೀಲು ಕೂಡ ಆಗುತ್ತದೆ, ಆದರೆ 38 ಡಿಗ್ರಿಯಲ್ಲಿ ಕರಾರುವಾಕ್ಕಾಗಿ ನಿಲ್ಲಿಸಬೇಕು. ಮೊದಮೊದಲು ಲ್ಯಾಬಿಗೆ ಕೊಡಿ.

ಹಳೇ ಕ್ಯಾಮೆರಾದೊಳಗೆ ಅರ್ಧ ಮುಗಿದ ರೀಲು ಇದೆ. ಏನಾದರೂ ಸಿಗುತ್ತಾ?

ಹಿಂಬಾಗಿಲು ತೆಗೆಯಬೇಡಿ. ಮೊದಲು ರೀಲನ್ನು ಪೂರ್ತಿ ಸುತ್ತಿ. ಆಮೇಲೆ ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ. ಸಿ-41 ಅಂತಿದ್ದರೆ ಅದು ಬಣ್ಣದ ರೀಲು ತೊಳೆಯುವ ಈಗಿನ ವಿಧಾನ, ಈಗಿನ ಲ್ಯಾಬಿನಲ್ಲೇ ಆಗುತ್ತದೆ, ಬಣ್ಣ ಮಾಸಿರಬಹುದು. ಸಿ-22 ಅಂತಿದ್ದರೆ ಅದು 1970ರ ದಶಕಕ್ಕೂ ಹಿಂದಿನ ವಿಧಾನ, ಈಗ ಕಪ್ಪು ಬಿಳುಪಾಗಿ ಮಾತ್ರ ತೊಳೆಯಬಹುದು. ಕೊಡ್ಯಾಕ್‌ನ ಹಳೇ ಬಣ್ಣದ ಸ್ಲೈಡ್ ರೀಲು ಕೊಡಾಕ್ರೋಮ್ ಆದರೂ ಅಷ್ಟೇ. ಅದನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಕೊನೆಯ ಲ್ಯಾಬು ಅಮೆರಿಕದ ಕ್ಯಾನ್ಸಸ್‌ನಲ್ಲಿತ್ತು, 2010ರ ಕೊನೆಗೆ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕಪ್ಪು ಬಿಳುಪು ರೀಲಾದರೆ ಆಸೆ ಇಟ್ಟುಕೊಳ್ಳಿ. ದಶಕಗಳಾದ ಮೇಲೂ ಮಂಜುಮಂಜಾಗಿಯಾದರೂ ಮುಖ ಬಂದದ್ದಿದೆ.

ಪ್ರಿಂಟು ಇದೆಯಲ್ಲ. ನೆಗೆಟಿವ್ ಯಾಕೆ ಇಟ್ಟುಕೊಳ್ಳಬೇಕು?

ನಾವೆಲ್ಲ ಮಾಡಿದ್ದು ಇದನ್ನೇ. ಆಲ್ಬಮ್ಮಿಗೆ ಪ್ಲಾಸ್ಟಿಕ್ ಕವರು ಹಾಕಿ ಬೀರುವಿನಲ್ಲಿಟ್ಟೆವು, ನೆಗೆಟಿವ್‌ಗಳನ್ನು ಸ್ಟುಡಿಯೋ ಕವರಿನಲ್ಲೇ ಬಿಟ್ಟು ಗುಜರಿಗೆ ಹಾಕಿದೆವು. ಅಸಲು ಫೋಟೋ ನೆಗೆಟಿವ್. ಪ್ರಿಂಟು ಅದರ ನಕಲು. ಅಂಚು ಕತ್ತರಿಸಿದ ನಕಲು ಬೇರೆ. ಗುಂಪಿನ ಫೋಟೋದಲ್ಲಿ ತುದಿಗೆ ನಿಂತ ಚಿಕ್ಕಮ್ಮ ಪ್ರಿಂಟಿನಲ್ಲಿ ಅರ್ಧ ಕಂಡರೆ ನೆಗೆಟಿವ್‌ನಲ್ಲಿ ಪೂರ್ತಿ ಇರಬಹುದು.

1980ರ ದಶಕದ ಬಣ್ಣದ ಪ್ರಿಂಟು ಕೆಂಪಗಾಗಿದ್ದರೆ, ನೀಲಿ-ಹಸಿರಿನ ಬಣ್ಣ ಬೇಗ ಮಾಸಿದೆ ಅಂತ ಅರ್ಥ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಎಳೆದು ಒತ್ತುವ ಆಲ್ಬಮ್ಮುಗಳಂತೂ ಫೋಟೋಗಳಿಗೆ ಶತ್ರು. ಕೀಳಲು ಹೋದರೆ ಹರಿಯುತ್ತದೆ. ಮೊದಲು ಇದ್ದಲ್ಲೇ ಸ್ಕ್ಯಾನ್ ಮಾಡಿ, ಆಮೇಲೆ ಮೂಲೆಯಿಂದ ಹೊಲಿಗೆ ದಾರ ತೂರಿಸಿ ನಿಧಾನಕ್ಕೆ ಬಿಡಿಸಿ.

ನೆಗೆಟಿವ್‌ಗಳನ್ನು ಪಾಲಿಪ್ರೊಪಿಲೀನ್ ಕವರಿಗೆ ಹಾಕಿ ಒಣಗಿದ, ತಣ್ಣನೆಯ ಜಾಗದಲ್ಲಿ ಇಡಿ. ಮೇಲಿನ ಅಟ್ಟ ಬೇಡ, ಬೇಸಿಗೆಯಲ್ಲಿ ಕಾಯುತ್ತದೆ. ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಕೊಳೆಯಲು ಶುರುವಾಗಿದೆ. ಅವನ್ನು ಬೇರೆ ಇಟ್ಟು ಆ ವಾರವೇ ಸ್ಕ್ಯಾನ್ ಮಾಡಿಸಿ. ಹಿಂದಿನಿಂದ ಬಿಳಿ ಬೆಳಕು ಕೊಟ್ಟು ಒಳ್ಳೇ ಕ್ಯಾಮೆರಾದಲ್ಲಿ ಹತ್ತಿರದಿಂದ ತೆಗೆದರೂ ಸಾಕು, ದುಬಾರಿ ಸ್ಕ್ಯಾನರೇ ಬೇಕಂತಿಲ್ಲ. ಯಾರ ಫೋಟೋ, ಯಾವ ಊರು ಅಂತ ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಹೆಸರು ಬರೆಯಿರಿ. ವಾಸನೆ ಬರದ ನೆಗೆಟಿವ್‌ಗಳ ಸ್ಕ್ಯಾನನ್ನು ಮುಂದಿನ ವರ್ಷವೂ ಮಾಡಬಹುದು, ಹೆಸರು ಬರೆಯುವುದನ್ನು ಮಾತ್ರ ಮುಂದೂಡಬೇಡಿ.

ಫೋನಿನಲ್ಲಿ ಫಿಲ್ಮ್ ಫಿಲ್ಟರ್ ಇದೆ. ಅದು ಸಾಲದಾ?

ಬಣ್ಣ ಮಾತ್ರ ಬೇಕಿದ್ದರೆ ಸಾಕು. ಆದರೆ 36ರ ಲೆಕ್ಕ ಇಟ್ಟುಕೊಂಡು ತೆಗೆಯುವವರ ಕಣ್ಣು ಫಿಲ್ಟರಿನಿಂದ ಬರುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ತೆಗೆದ ಮಕ್ಕಳ, ದಾರಿಹೋಕರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ರೀಲಿನಲ್ಲಿ ತೆಗೆದ ಕಾಡಿನ ಚಿತ್ರಗಳನ್ನೂ ನೋಡಿ. ಹಕ್ಕಿ ಹಾರಿದರೆ ಹೋಯಿತು, ಸರಿ ಬಂತೋ ಇಲ್ಲವೋ ಅಂತ ತಿಳಿಯೋಕೆ ರೀಲು ತೊಳೆಯುವವರೆಗೂ ಕಾಯಬೇಕಿತ್ತು.

ವಿಮಾನದಲ್ಲಿ ರೀಲು ಒಯ್ಯಬಹುದಾ?

ಕೈಚೀಲದಲ್ಲಿ ಮಾತ್ರ. ಚೆಕ್-ಇನ್ ಲಗೇಜಿನ ಎಕ್ಸ್‌ರೇ ಜೋರು, ರೀಲು ಮಂಜಾಗುತ್ತದೆ. ಕೈಚೀಲಕ್ಕೂ ಈಗ ಹಲವು ನಿಲ್ದಾಣಗಳಲ್ಲಿ ಸಿ.ಟಿ. ಸ್ಕ್ಯಾನರ್ ಬಂದಿದೆ, ಅದೂ ಕೆಟ್ಟದ್ದೇ. ರೀಲುಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿಕೊಂಡು, ಕೈಯಲ್ಲೇ ನೋಡಿ ಅಂತ ಭದ್ರತೆಯವರನ್ನು ವಿನಯವಾಗಿ ಕೇಳಿ. ಕ್ಯಾಮೆರಾದೊಳಗೆ ರೀಲು ಇದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ಹಿಂಬಾಗಿಲು ತೆಗೆದುಬಿಡುತ್ತಾರೆ. ತೊಳೆದ ನೆಗೆಟಿವ್‌ಗಳಿಗೆ ಯಾವ ಸ್ಕ್ಯಾನರಿನಿಂದಲೂ ತೊಂದರೆ ಇಲ್ಲ.